ಟ್ಯಾಬ್ಲೆಟ್ ಕೊಳ್ಳುವ ಮುನ್ನ ಒತ್ತಕ್ಷರ ಓದಿ ನೋಡಿ

ಜೂನ್ ತಿಂಗಳು ಬಂತೆಂದರೆ ಮಧ್ಯಮ ವರ್ಗದ ಮನೆಗಳಲ್ಲಿ ಖರ್ಚಿನ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಶುಲ್ಕ, ಸಮವಸ್ತ್ರ, ಬೂಟು, ನೋಟ್‌ಬುಕ್ಕು, ಕೊಡೆ. ಕೆಲವು ವರ್ಷಗಳಿಂದ ಈಚೆಗೆ ಪಟ್ಟಿಯ ಕೊನೆಗೆ ಇನ್ನೊಂದು ವಸ್ತು ಸೇರಿಕೊಂಡಿದೆ: ಟ್ಯಾಬ್ಲೆಟ್. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆಗಳು ಬಾಗಿಲು ಮುಚ್ಚಿದಾಗ ಅಪ್ಪನ ಫೋನಿನಲ್ಲೇ ಪಾಠ ಕೇಳಿದ ಮಕ್ಕಳು ಮುಂದಿನ ತರಗತಿಗಳಿಗೆ ಹೋದರು. ಶಾಲೆಗಳು ತೆರೆದವು, ಆದರೆ ವಿಡಿಯೊ ಪಾಠದ ರೂಢಿ ಹೋಗಲಿಲ್ಲ.

ಪೇಟೆಯ ಯಾವುದೇ ಎಲೆಕ್ಟ್ರಾನಿಕ್ ಅಂಗಡಿಯಲ್ಲಿ ಈಗ ಕಾಣುವ ದೃಶ್ಯವಿದು. ಒಬ್ಬ ತಂದೆ, ಜೊತೆಗೆ ಹೈಸ್ಕೂಲು ಓದುವ ಮಗಳು. ಗಾಜಿನ ಮೇಜಿನ ಆಚೆ ನಿಂತ ಹುಡುಗ ಪೆಟ್ಟಿಗೆ ತೆಗೆದಿಟ್ಟು ಒಂದೇ ಉಸಿರಿಗೆ ಹೇಳುತ್ತಾನೆ: “ಎಂಟು ಇಂಚು ಸಾರ್, ನಾಲ್ಕು ಪ್ಲಸ್ ನಾಲ್ಕು ರ‍್ಯಾಮ್, ಎರಡು ಕ್ಯಾಮೆರಾ, ಕವರ್ ಫ್ರೀ.” ತಂದೆ ಕೇಳುವ ಪ್ರಶ್ನೆ ಒಂದೇ: “ಕೊನೆಗೆ ಎಷ್ಟಕ್ಕೆ ಕೊಡ್ತೀರಿ?” ಮಗಳದೂ ಒಂದೇ: “ಇದ್ರಲ್ಲಿ ಯೂಟ್ಯೂಬ್ ಬರುತ್ತಾ?” ಬರುತ್ತದೆ. ಇವತ್ತು ಯೂಟ್ಯೂಬ್ ಬರದ ಟ್ಯಾಬ್ಲೆಟ್ ಯಾವುದಿದೆ? ಒಂದೂವರೆ ವರ್ಷದ ನಂತರವೂ ಬರುತ್ತದೆಯೇ, ಕನ್ನಡ ಪಾಠದ ಪುಟ ಕಣ್ಣು ಕಿರಿದು ಮಾಡದೆ ಓದಲು ಆಗುತ್ತದೆಯೇ ಎಂಬುದು ನಿಜವಾದ ಪ್ರಶ್ನೆ. ಅದನ್ನು ಅಂಗಡಿಯಲ್ಲಿ ಕೇಳುವವರು ವಿರಳ.

ಅಗ್ಗದ ಪುಟ್ಟ ಗಣಕದ ಕನಸು ನಮ್ಮ ನಾಡಿಗೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎಂಜಿನಿಯರುಗಳೊಂದಿಗೆ ಸೇರಿ ಅಂಗೈಯಲ್ಲಿ ಹಿಡಿಯುವ ‘ಸಿಂಪ್ಯೂಟರ್’ ರೂಪಿಸಿದರು. 2004ರಲ್ಲಿ ಅದು ‘ಅಮಿಡಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೂ ಬಂತು. ಐಪ್ಯಾಡ್ ಹುಟ್ಟಿದ್ದು ಅದಕ್ಕೆ ಆರು ವರ್ಷಗಳ ನಂತರ! ಸಿಂಪ್ಯೂಟರ್ ಜನರ ಕೈಗೆ ಹೆಚ್ಚಾಗಿ ತಲುಪಲಿಲ್ಲ, ಅದು ಬೇರೆ ಕಥೆ. ಹೆಚ್ಚು ಸುದ್ದಿ ಮಾಡಿದ್ದು 2011ರ ಅಕ್ಟೋಬರ್ 5ರಂದು ಅಂದಿನ ಮಾನವ ಸಂಪನ್ಮೂಲ ಸಚಿವ ಕಪಿಲ್ ಸಿಬಲ್ ದೆಹಲಿಯಲ್ಲಿ ಬಿಡುಗಡೆ ಮಾಡಿದ ‘ಆಕಾಶ್’. ಏಳು ಇಂಚಿನ ಪರದೆ, ಸರ್ಕಾರಕ್ಕೆ ಬಿದ್ದ ಬೆಲೆ ಸುಮಾರು 2,250 ರೂಪಾಯಿ.

ಆಕಾಶ್ ಮಕ್ಕಳ ಮನಸ್ಸು ಗೆಲ್ಲಲಿಲ್ಲ. ಕಾರಣಗಳನ್ನು ನೋಡಿದರೆ ಇವತ್ತಿಗೂ ಉಪಯೋಗವಿದೆ. ಅದರ ಪರದೆ ಒತ್ತಡದಿಂದ ಕೆಲಸ ಮಾಡುವಂಥದು. ಎರಡು ತೆಳು ಪದರಗಳ ನಡುವೆ ಸಣ್ಣ ಅಂತರ, ಬೆರಳಿನಿಂದ ಒತ್ತಿದಾಗ ಅವು ಒಂದಕ್ಕೊಂದು ತಾಗಿ ವಿದ್ಯುತ್ ಹರಿಯಬೇಕು. ಒತ್ತಿ ಒತ್ತಿ ಬೆರಳು ಸೋಲುತ್ತಿತ್ತು. ಈಗಿನ ಪರದೆಗಳು ಹಾಗಲ್ಲ. ದೇಹ ವಿದ್ಯುದ್ವಾಹಕವಾದ್ದರಿಂದ ಬೆರಳು ಸಮೀಪಿಸಿದರೆ ಸಾಕು, ಆ ಜಾಗದ ವಿದ್ಯುತ್ ಧಾರಕತೆ ಬದಲಾಗುತ್ತದೆ. ಇನ್ನೊಂದು ಕೊರತೆ ರ‍್ಯಾಮ್‌ನದು: ಕೇವಲ 256 ಎಂಬಿ. ಸಂಸ್ಕಾರಕದ ವೇಗ 366 ಮೆಗಾಹರ್ಟ್ಸ್. ಮರುವರ್ಷ ನವೆಂಬರ್‌ನಲ್ಲಿ ಬಂದ ಎರಡನೆಯ ಆಕಾಶ್‌ನಲ್ಲಿ ಪರದೆ ಸುಧಾರಿಸಿತು, ರ‍್ಯಾಮ್ ಇಮ್ಮಡಿಯಾಯಿತು. ಅಷ್ಟರಲ್ಲಿ ಆಸೆ ಆರಿತ್ತು. ಅಗ್ಗದ ಟ್ಯಾಬ್ಲೆಟ್‌ಗಳು ಸೋಲುವುದು ಈಗಲೂ ಹೆಚ್ಚುಕಡಿಮೆ ಇಂಥ ಕಡೆಗಳಲ್ಲೇ: ಪರದೆ, ನೆನಪಿನ ಶಕ್ತಿ, ಮತ್ತು ತಯಾರಕ ಎಷ್ಟು ದಿನ ಕೈಹಿಡಿದು ನಡೆಸುತ್ತಾನೆ ಎಂಬುದು.

ಎಂಟು ಇಂಚಿನ ಲೆಕ್ಕ

ಪರದೆಯ ಅಳತೆ ಎಂದರೆ ಅದರ ಕರ್ಣದ ಉದ್ದ. ಆರೂವರೆ ಇಂಚಿನ ಫೋನು ಮನೆಯಲ್ಲಿರುವಾಗ ಎಂಟು ಇಂಚಿನದಕ್ಕೆ ಯಾಕೆ ಹಣ ಕೊಡಬೇಕು ಎಂದು ಅನೇಕ ಪಾಲಕರು ಕೇಳುತ್ತಾರೆ. ಇಲ್ಲಿ ಪೈಥಾಗೊರಸ್ ಪ್ರಮೇಯ ಸಹಾಯಕ್ಕೆ ಬರುತ್ತದೆ. ಈಗಿನ ಫೋನುಗಳು ಉದ್ದುದ್ದ, ಸಾಮಾನ್ಯವಾಗಿ 20ಕ್ಕೆ 9ರ ಪ್ರಮಾಣ. ವಿಡಿಯೊ ಇರುವುದು 16ಕ್ಕೆ 9ರ ಪ್ರಮಾಣದಲ್ಲಿ. ಹಾಗಾಗಿ ಫೋನನ್ನು ಅಡ್ಡ ಹಿಡಿದಾಗ ಎರಡೂ ಪಕ್ಕ ಕಪ್ಪು ಪಟ್ಟಿ ಉಳಿದು, ಚಿತ್ರಕ್ಕೆ ಸಿಗುವುದು ಸುಮಾರು 12 ಸೆಂಟಿಮೀಟರ್ ಅಗಲ, 6.8 ಸೆಂಟಿಮೀಟರ್ ಎತ್ತರ. ಎಂಟು ಇಂಚಿನ, 16ಕ್ಕೆ 10ರ ಪ್ರಮಾಣದ ಟ್ಯಾಬ್ಲೆಟ್‌ನಲ್ಲಿ ಅದೇ ಚಿತ್ರ 17.2 ಸೆಂಟಿಮೀಟರ್ ಅಗಲ, 9.7 ಸೆಂಟಿಮೀಟರ್ ಎತ್ತರ ಇರುತ್ತದೆ. ವಿಸ್ತೀರ್ಣ ಗುಣಿಸಿ ನೋಡಿದರೆ ಎರಡು ಪಟ್ಟು! ಕರ್ಣದಲ್ಲಿ ಒಂದೂವರೆ ಇಂಚು ಮಾತ್ರ ಹೆಚ್ಚು, ಕಪ್ಪು ಹಲಗೆಯ ಮೇಲೆ ಮೇಷ್ಟ್ರು ಬರೆದ ಸಮೀಕರಣ ಮಾತ್ರ ಇಮ್ಮಡಿ ಜಾಗದಲ್ಲಿ ಕಾಣುತ್ತದೆ.

ವಿಡಿಯೊಗೆ ಎಂಟು ಇಂಚು ಸಾಕು. ಪುಟ ಓದುವ ವಿಷಯ ಬೇರೆ. ಶಾಲೆಯವರು ಕಳಿಸುವ ನೋಟ್ಸು, ಹಳೆಯ ಪ್ರಶ್ನೆಪತ್ರಿಕೆಗಳು ಬಹುತೇಕ ಎ4 ಹಾಳೆಯ ಅಳತೆಯವು, ಅಂದರೆ 21 ಸೆಂಟಿಮೀಟರ್ ಅಗಲ. ಟ್ಯಾಬ್ಲೆಟ್ ನೆಟ್ಟಗೆ ಹಿಡಿದಾಗ ಅದರ ಅಗಲ 10.8 ಸೆಂಟಿಮೀಟರ್ ಮಾತ್ರ. ಅಕ್ಷರಗಳು ಅರ್ಧಕ್ಕೆ ಕುಗ್ಗುತ್ತವೆ. ಅಡ್ಡ ತಿರುಗಿಸಿದರೆ ಐದರಲ್ಲಿ ನಾಲ್ಕು ಪಾಲಿಗೆ ಬರುತ್ತವೆ, ಆದರೆ ಅರ್ಧ ಪುಟಕ್ಕಿಂತಲೂ ಕಡಿಮೆ ಕಾಣುವುದರಿಂದ ಮೇಲೆ ಕೆಳಗೆ ಸರಿಸುತ್ತಲೇ ಇರಬೇಕು. ದಿನಕ್ಕೆರಡು ಗಂಟೆ ಪುಟಗಳನ್ನೇ ಓದುವ ಪಿಯುಸಿ ಹುಡುಗನಿಗೆ ಹತ್ತು ಇಂಚಿನದೇ ಮೇಲು, ಎರಡು ಮೂರು ಸಾವಿರ ಹೆಚ್ಚಾದರೂ ಸರಿ. ಸಣ್ಣದು ಸಾಲುವುದು ಪಾಠ ನೋಡಲು, ಜಾಲತಾಣ ತಿರುವಿ ಹಾಕಲು, ಸಂಜೆ ಅಜ್ಜಿಗೆ ಹರಿಕಥೆ ಹಾಕಿಕೊಡಲು.

ಇನ್ನು ಚುಕ್ಕೆಗಳ ಮಾತು. ಪರದೆಯ ಚಿತ್ರ ರಂಗೋಲಿಯಂತೆ ಚುಕ್ಕೆಗಳಿಂದ ಆದದ್ದು. ಅವಕ್ಕೆ ಪಿಕ್ಸೆಲ್ ಎನ್ನುತ್ತಾರೆ. ತೀರಾ ಅಗ್ಗದ ಏಳು ಇಂಚಿನವುಗಳಲ್ಲಿ 1024 ಅಡ್ಡ, 600 ಉದ್ದ. ಅಂದರೆ ಇಂಚಿಗೆ 170 ಚುಕ್ಕೆ. ಎಂಟು ಇಂಚಿನ, 1280 ಅಡ್ಡ 800ರ ಪರದೆಯಲ್ಲಿ ಇಂಚಿಗೆ 189. ಸ್ಯಾಮ್‌ಸಂಗ್ 2023ರಲ್ಲಿ ಭಾರತದಲ್ಲಿ ಸುಮಾರು 13 ಸಾವಿರಕ್ಕೆ ಬಿಟ್ಟ ಗ್ಯಾಲಕ್ಸಿ ಟ್ಯಾಬ್ ಎ9ರಲ್ಲಿ ಪರದೆ 8.7 ಇಂಚು, ಚುಕ್ಕೆ 1340 ಅಡ್ಡ 800. ಪರದೆ ದೊಡ್ಡದಾದರೂ ಇಂಚಿಗೆ ಸಿಗುವುದು 179 ಮಾತ್ರ.

ಇಂಗ್ಲಿಷ್ ಅಕ್ಷರಕ್ಕೆ ಇಷ್ಟು ಸಾಕು. ಕನ್ನಡಕ್ಕೆ? ‘ರಾಷ್ಟ್ರ’, ‘ಸ್ವಾತಂತ್ರ್ಯ’, ‘ವೈಶಿಷ್ಟ್ಯ’ ಎಂಬ ಪದಗಳನ್ನು ನೋಡಿದರೆ ಕಷ್ಟ ಅರ್ಥವಾಗುತ್ತದೆ. ಒಂದೇ ಅಕ್ಷರದ ಕೆಳಗೆ ಎರಡೆರಡು ಒತ್ತುಗಳು ಇರುಕಿಕೊಳ್ಳುತ್ತವೆ. ಚುಕ್ಕೆ ಸಾಲದೆ ಹೋದರೆ ಟ ಒತ್ತು ಯಾವುದು, ರ ಒತ್ತು ಯಾವುದು ಎಂದು ತಿಳಿಯದೆ ಇರುವೆ ಸತ್ತುಬಿದ್ದಂತೆ ಕಾಣುತ್ತದೆ. ಅಂಗಡಿಯವರು ತೋರಿಸುವುದು ಹೂವು, ಗಿಳಿ, ಜಲಪಾತದ ಬಣ್ಣದ ಚಿತ್ರ. ಅದರಲ್ಲಿ ಯಾವ ಪರದೆಯೂ ಚೆನ್ನಾಗಿಯೇ ಕಾಣುತ್ತದೆ. ಕನ್ನಡ ಪಠ್ಯಪುಸ್ತಕದ ಒಂದು ಪುಟವನ್ನು ಫೋನಿನಲ್ಲಿಟ್ಟುಕೊಂಡು ಹೋಗಿ ಅಲ್ಲೇ ತೆರೆಸಬೇಕು, ಮಗುವಿನಿಂದಲೇ ಓದಿಸಬೇಕು.

ಎಷ್ಟು ದೂರದಿಂದ? ಒಳ್ಳೆಯ ಕಣ್ಣು ಸುಮಾರು ಒಂದು ಕಲೆಯಷ್ಟು ಕೋನವನ್ನು, ಅಂದರೆ ಡಿಗ್ರಿಯ ಅರುವತ್ತನೆಯ ಒಂದು ಪಾಲನ್ನು ಬಿಡಿಸಿ ನೋಡಬಲ್ಲದು. ಒಂದು ಮೊಳ, ಎಂದರೆ 45 ಸೆಂಟಿಮೀಟರ್ ದೂರದಲ್ಲಿ ಇದು 0.13 ಮಿಲಿಮೀಟರ್. ಎಂಟು ಇಂಚಿನ ಪರದೆಯ ಚುಕ್ಕೆಯ ಅಳತೆಯೂ ಹೆಚ್ಚುಕಡಿಮೆ ಅಷ್ಟೇ! ಮೊಳ ದೂರದಲ್ಲಿ ಚುಕ್ಕೆಗಳು ಒಂದರೊಳಗೊಂದು ಬೆರೆತು ಅಕ್ಷರ ನುಣುಪಾಗಿ ಕಾಣುತ್ತದೆ. ಗೇಣು ದೂರಕ್ಕೆ ತಂದರೆ ಒರಟು. ಅಕ್ಷರ ಚಿಕ್ಕದಾಯಿತೆಂದು ಮಕ್ಕಳು ಮೂಗಿನ ಹತ್ತಿರ ಹಿಡಿಯುತ್ತಾರೆ, ಕಣ್ಣಿಗೂ ಅದು ಒಳ್ಳೆಯದಲ್ಲ. ಅಕ್ಷರ ದೊಡ್ಡದು ಮಾಡಿ ಮೊಳ ದೂರ ಇಡಿಸುವುದು, ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಸೆಕೆಂಡು ಇಪ್ಪತ್ತು ಅಡಿ ಆಚೆಗೆ ನೋಡಿಸುವುದು ನೇತ್ರವೈದ್ಯರೂ ಒಪ್ಪುವ ಮಾತು.

ನಾಲ್ಕು ಪ್ಲಸ್ ನಾಲ್ಕು ಎಂಟಲ್ಲ

ರ‍್ಯಾಮ್ ಎಂದರೆ ಓದುವ ಮೇಜು, ಸಂಗ್ರಹ ಎಂದರೆ ಪುಸ್ತಕದ ಬೀರು. ಮೇಜು ಚಿಕ್ಕದಾದರೆ ಒಂದು ಪುಸ್ತಕ ತೆಗೆದಿಟ್ಟೇ ಇನ್ನೊಂದು ಬಿಡಿಸಬೇಕು. ವಿಡಿಯೊ ನಿಲ್ಲಿಸಿ ಜಾಲಪುಟ ನೋಡಿ ಹಿಂತಿರುಗಿದಾಗ ವಿಡಿಯೊ ಮೊದಲಿನಿಂದ ಶುರುವಾಗುವುದು ಇದರಿಂದಲೇ. ‘ನಾಲ್ಕು ಪ್ಲಸ್ ನಾಲ್ಕು’ ಎಂದು ಮಾರಾಟದ ಹುಡುಗ ಹೇಳಿದ್ದರಲ್ಲಿ ಎರಡನೆಯ ನಾಲ್ಕು ನಿಜವಾದ ರ‍್ಯಾಮ್ ಅಲ್ಲ, ಬೀರುವಿನ ಒಂದು ಖಾನೆಯನ್ನೇ ಮೇಜೆಂದು ಬಳಸುವ ಉಪಾಯ. ಖಾನೆಯ ವೇಗ ಬಹಳ ಕಡಿಮೆ. ಲೆಕ್ಕಕ್ಕೆ ಹಿಡಿಯಬೇಕಾದ್ದು ಮೊದಲಿನ ನಾಲ್ಕು ಮಾತ್ರ. ಎರಡು ಜಿಬಿಯವು ಇನ್ನೂ ಮಾರಾಟಕ್ಕೆ ಸಿಗುತ್ತವೆ. ಅಂಥ ಬಡ ಯಂತ್ರಗಳಿಗೆಂದೇ ಗೂಗಲ್ 2017ರಲ್ಲಿ ‘ಆಂಡ್ರಾಯ್ಡ್ ಗೋ’ ಎಂಬ ಹಗುರ ರೂಪ ತಂದಿತು. ಅದಿದ್ದರೂ ಎರಡು ಜಿಬಿಗೆ ಹಣ ಹಾಕದಿರುವುದು ಲೇಸು.

ಬೀರುವಿನ ಲೆಕ್ಕದಲ್ಲೂ ಒಂದು ಚಮತ್ಕಾರವಿದೆ. ಪೆಟ್ಟಿಗೆಯ ಮೇಲೆ 32 ಜಿಬಿ ಎಂದಿದ್ದರೆ ಅದು ಸಾವಿರದ ಲೆಕ್ಕ. ಗಣಕದ 1024ರ ಲೆಕ್ಕದಲ್ಲಿ ಅದು 29.8 ಆಗುತ್ತದೆ. ಅದರಲ್ಲಿ ಕಾರ್ಯಾಚರಣ ವ್ಯವಸ್ಥೆಯೇ ಹತ್ತು ಜಿಬಿ ಆಸುಪಾಸು ನುಂಗುವುದುಂಟು. ಮೆಮೊರಿ ಕಾರ್ಡ್ ಹಾಕಿಕೊಳ್ಳಬಹುದಲ್ಲ ಎಂದರೆ, ಕಾರ್ಡ್‌ನಲ್ಲಿ ಪಾಠದ ವಿಡಿಯೊ, ಪುಸ್ತಕಗಳು ಕೂರುತ್ತವೆ, ಆಪ್‌ಗಳು ಸಾಮಾನ್ಯವಾಗಿ ಕೂರುವುದಿಲ್ಲ. 64 ಜಿಬಿ ಇದ್ದರೆ ನೆಮ್ಮದಿ.

ಡೇಟಾ ಖರ್ಚನ್ನೂ ಮನೆಯಲ್ಲೇ ಲೆಕ್ಕ ಹಾಕಬಹುದು. ಸೆಕೆಂಡಿಗೆ ಒಂದು ಮೆಗಾಬಿಟ್‌ನಂತೆ ಹರಿಯುವ ಸಾಧಾರಣ ವಿಡಿಯೊ ಗಂಟೆಗೆ 450 ಎಂಬಿ ತಿನ್ನುತ್ತದೆ. ಎರಡೂವರೆ ಮೆಗಾಬಿಟ್‌ನದಾದರೆ 1,100 ಎಂಬಿಗೂ ಹೆಚ್ಚು. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಇರುವ ಮನೆಯಲ್ಲಿ ಇದು ಒಂದು ಪಾಠ ಮತ್ತು ಮೂರು ಪಾಠಗಳ ನಡುವಿನ ವ್ಯತ್ಯಾಸ. 800 ಸಾಲಿನ ಪರದೆಗೆ 720 ಸಾಲಿನ ವಿಡಿಯೊ ಧಾರಾಳವಾಯಿತು, 1080ರದನ್ನು ಹಾಕಿದರೆ ಹೆಚ್ಚಿನ ಸಾಲುಗಳನ್ನು ಪರದೆ ತೋರಿಸಲಾರದು. ದುಡ್ಡು ಕೊಟ್ಟು ಸಿನಿಮಾ ನೋಡುವ ಸೇವೆಗಳ ಮಾತು ಬೇರೆ. ಅಗ್ಗದ ಯಂತ್ರಕ್ಕೆ ‘ವೈಡ್‌ವೈನ್ ಎಲ್1’ ಎಂಬ ರಕ್ಷಣಾ ದರ್ಜೆ ಇಲ್ಲದಿದ್ದರೆ ನೆಟ್‌ಫ್ಲಿಕ್ಸ್‌ನಂಥವು ಮಸುಕು ಚಿತ್ರವನ್ನಷ್ಟೇ ಕಳಿಸುತ್ತವೆ, ಪರದೆ ಎಷ್ಟೇ ಚೆನ್ನಾಗಿರಲಿ. ಯೂಟ್ಯೂಬಿನ ಉಚಿತ ಪಾಠಗಳಿಗೆ ಈ ತೊಡಕಿಲ್ಲ.

ವೈಫೈ ಮಾತ್ರ ಇರುವುದು ಸಿಮ್ ಹಾಕುವುದಕ್ಕಿಂತ ಸಾವಿರ ಎರಡು ಸಾವಿರ ಅಗ್ಗ. ಅಪ್ಪನ ಫೋನಿನಿಂದ ಹಾಟ್‌ಸ್ಪಾಟ್ ಕೊಟ್ಟರಾಯಿತು ಎಂದುಕೊಂಡು ತರುವವರುಂಟು. ಅಪ್ಪ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಟರೆ ಇಂಟರ್ನೆಟ್ಟೂ ಅವನ ಜೊತೆಗೇ ಬಸ್ ಹತ್ತುತ್ತದೆ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲದವರು ಸಿಮ್ ಇರುವುದನ್ನೇ ತೆಗೆದುಕೊಳ್ಳಬೇಕಾಗುತ್ತದೆ.

ಹುಟ್ಟಿದ ತಾರೀಕು

ತರಕಾರಿ ಕೊಳ್ಳುವಾಗ ತಾಜಾ ಇದೆಯೇ ಎಂದು ಮುರಿದು ನೋಡುವ ಜನ ಟ್ಯಾಬ್ಲೆಟ್‌ನ ವಯಸ್ಸು ಕೇಳುವುದಿಲ್ಲ. ಪೆಟ್ಟಿಗೆ ಹೊಸದು, ಒಳಗಿನ ತಂತ್ರಾಂಶ ನಾಲ್ಕು ವರ್ಷ ಹಳೆಯದು, ಹೀಗೂ ಇರುತ್ತದೆ. ಹಳೆಯದಾದರೆ ಮೊದಲು ಬ್ಯಾಂಕಿನ ಆಪ್ ನಿಲ್ಲುತ್ತದೆ, ಆಮೇಲೆ ಒಂದೊಂದಾಗಿ ಉಳಿದವು. 2012ರ ಮೊದಲ ಐಪ್ಯಾಡ್ ಮಿನಿ ಇದಕ್ಕೆ ಒಳ್ಳೆಯ ಉದಾಹರಣೆ. 7.9 ಇಂಚಿನ ಆ ಯಂತ್ರದ ಗಾಜು, ಲೋಹ ಇಂದಿಗೂ ಗಟ್ಟಿ. ಆದರೆ ಅದರ ತಂತ್ರಾಂಶ ಐಓಎಸ್ 9ಕ್ಕೇ ನಿಂತಿತು, ಈಗಿನ ಎಷ್ಟೋ ಆಪ್‌ಗಳು ಅದರ ಮೇಲೆ ಏರುವುದೇ ಇಲ್ಲ. ಸೆಕೆಂಡ್ ಹ್ಯಾಂಡ್ ಐಪ್ಯಾಡ್ ಐದು ಸಾವಿರಕ್ಕೆ ಸಿಗುತ್ತದೆಂದು ಹಿಗ್ಗುವವರು ಇದನ್ನು ನೆನೆಯಬೇಕು.

ವಯಸ್ಸು ತಿಳಿಯುವುದು ಕಷ್ಟವಲ್ಲ. ಅಂಗಡಿಯಲ್ಲಿ ಚಾಲೂ ಮಾಡಿಸಿ ಸೆಟ್ಟಿಂಗ್ಸ್ ತೆರೆದರೆ ಆಂಡ್ರಾಯ್ಡ್ ಎಷ್ಟನೆಯದು, ಭದ್ರತಾ ಪರಿಷ್ಕರಣೆ ಯಾವ ತಿಂಗಳದು ಎಂದು ಬರೆದಿರುತ್ತದೆ. ಆ ತಿಂಗಳು ಎರಡು ವರ್ಷ ಹಿಂದಿನದಾದರೆ ಪೆಟ್ಟಿಗೆ ಮುಚ್ಚಿಸುವುದು ಒಳ್ಳೆಯದು. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್’ ಎಂಬಲ್ಲಿ ಯಂತ್ರ ಪ್ರಮಾಣಿತವೇ ಅಲ್ಲವೇ ಎಂಬುದೂ ಇದೆ. ಹೆಸರು ಕೇಳದ ಕಂಪನಿಯ ಮಾಲು ಎಷ್ಟೋ ಸಲ ಇಲ್ಲೇ ಸಿಕ್ಕಿಬೀಳುತ್ತದೆ. ಪೆಟ್ಟಿಗೆಯ ಮೇಲೆ ಭಾರತೀಯ ಮಾನಕ ಬ್ಯೂರೊದ ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಲೇಬೇಕು. ಮಗು ಹಾಸಿಗೆಯಲ್ಲಿಟ್ಟುಕೊಂಡು ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿ ಅದು, ಸದರ ಬೇಡ.

ಬ್ಯಾಟರಿಯ ಲೆಕ್ಕ ಎಂಟನೆಯ ತರಗತಿಯವರಿಗೂ ಬರುತ್ತದೆ. 5,100 ಮಿಲಿಆಂಪಿಯರ್ ಗಂಟೆ ಎಂದರೆ 5.1 ಆಂಪಿಯರ್ ಗಂಟೆ. ಅದನ್ನು 3.8 ವೋಲ್ಟ್‌ನಿಂದ ಗುಣಿಸಿದರೆ ಸುಮಾರು 19 ವಾಟ್ ಗಂಟೆ. ವಿಡಿಯೊ ನೋಡುವಾಗ ಮೂರು ವಾಟ್ ಖರ್ಚಾಗುತ್ತದೆ ಎಂದಿಟ್ಟುಕೊಂಡರೆ ಆರು ಗಂಟೆ ಬಂದೀತು. 5 ವೋಲ್ಟ್, 1 ಆಂಪಿಯರ್‌ನ ಹಳೆಯ ಫೋನಿನ ಚಾರ್ಜರ್ ಚುಚ್ಚಿದರೆ ಸಿಗುವುದು ಐದೇ ವಾಟ್, ತುಂಬಲು ನಾಲ್ಕು ಗಂಟೆಗೂ ಮಿಕ್ಕಿ ಬೇಕು. “ಚಾರ್ಜೇ ಆಗೋಲ್ಲ” ಎಂದು ವಾರದೊಳಗೆ ಅಂಗಡಿಗೆ ವಾಪಸು ಬರುವ ಯಂತ್ರಗಳ ದೋಷ ಬಹಳ ಸಲ ಚಾರ್ಜರ್‌ನದು.

ಕ್ಯಾಮೆರಾ ಎಷ್ಟಿದ್ದರೇನು? ಟ್ಯಾಬ್ಲೆಟ್ ಎತ್ತಿ ಹಿಡಿದು ಫೋಟೊ ತೆಗೆಯುವವರು ಮದುವೆ ಮನೆಯಲ್ಲಿ ಮಾತ್ರ ಕಾಣಸಿಗುತ್ತಾರೆ. ಬಿಲ್ಲಿನ ಮೇಲೆ ಯಂತ್ರದ ಕ್ರಮಸಂಖ್ಯೆಯನ್ನು ಬರೆಸಿಕೊಳ್ಳುವುದು, ರಿಪೇರಿ ಕೇಂದ್ರ ತಮ್ಮ ಊರಿನಲ್ಲಿದೆಯೇ ಜಿಲ್ಲಾ ಕೇಂದ್ರಕ್ಕೆ ಹೋಗಬೇಕೇ ಎಂದು ಅಂಗಡಿ ಬಿಡುವ ಮುನ್ನವೇ ಕೇಳುವುದು ಹೆಚ್ಚು ಉಪಯೋಗ. ಮೊದಲ ವಾರ ಸಿನಿಮಾಕ್ಕಿಂತ ಮುಂಚೆ ಎರಡು ಕೆಲಸ ಮಾಡಿ ನೋಡಬೇಕು. ಒಂದು ಗಂಟೆ ಬಿಡದೆ ಪಾಠ ಓಡಿಸಿ ಹಿಂಬದಿ ಎಷ್ಟು ಬಿಸಿಯಾಗುತ್ತದೆಂದು ಕೈಯಿಟ್ಟು ನೋಡುವುದು ಒಂದು. ರಾತ್ರಿ ಪೂರ್ತಿ ಚಾರ್ಜ್ ಮಾಡಿ ಬದಿಗಿಟ್ಟು, ಬೆಳಿಗ್ಗೆ ಶೇಕಡ ಎಷ್ಟು ಇಳಿದಿದೆ ಎಂದು ನೋಡುವುದು ಇನ್ನೊಂದು. ಅಂಗಡಿಯವರು ಬದಲಿಸಿ ಕೊಡಲು ಒಪ್ಪುವ ಗಡುವು ಎಷ್ಟು ದಿನವೋ ಅದರೊಳಗೇ ಇವೆರಡೂ ಮುಗಿಯಬೇಕು.