ಪ್ಲಗ್‌ಇನ್ನುಗಳ ಮೊದಲ ಪಾಠ

ದೇವಸ್ಥಾನದ ಕಲ್ಲಿನ ನವರಂಗದಲ್ಲಿ ಒಬ್ಬರು ಹಾಡುವುದನ್ನು ಕೇಳಿ, ಅದೇ ವಾರದಲ್ಲಿ ಅವರನ್ನೇ ತಮ್ಮ ಮನೆಯ ಕೋಣೆಯಲ್ಲಿ ಕೂರಿಸಿ ಹಾಡಿಸಿದವರಿಗೆ ಒಂದು ಸಂಗತಿಯು ತಾನಾಗಿಯೇ ಹೊಳೆದಿರಬೇಕು. ಕಂಠವು ಬದಲಾಗಿಲ್ಲ, ಶ್ರುತಿಯು ಬದಲಾಗಿಲ್ಲ, ಹಾಡೂ ಅದೇ. ಆದರೂ ನವರಂಗದಲ್ಲಿ ತುಂಬಿ ನಿಂತ ನಾದವು ಕೋಣೆಯಲ್ಲಿ ಸೊರಗಿದಂತೆ ತೋರುತ್ತದೆ. ಇದಕ್ಕೆ ಕಾರಣರು ಗಾಯಕರಲ್ಲ, ಅಲ್ಲಿದ್ದ ಕಲ್ಲು. ನಾವು ಕೇಳುವುದು ಕಂಠವನ್ನು ಮಾತ್ರವೇ ಅಲ್ಲ. ಆ ಕಂಠವಿರುವ ಸ್ಥಳವನ್ನೂ ಕೇಳುತ್ತೇವೆ.

ಈಗ ನಮ್ಮ ನಗರಗಳಲ್ಲಿ ಅನೇಕರು ಒಂದು ಮೈಕನ್ನೂ ಒಂದು ಗಣಕಯಂತ್ರವನ್ನೂ ಇಟ್ಟುಕೊಂಡು ಮನೆಯಲ್ಲಿಯೇ ಸಂಗೀತವನ್ನು ಮುದ್ರಿಸುತ್ತಿದ್ದಾರೆ. ಮುದ್ರಿಸಿದುದನ್ನು ಕೇಳಿದಾಗ ಮೊದಲು ಆಗುವುದು ನಿರಾಶೆ. ಆಗ ಯಾರಾದರೂ ಸ್ನೇಹಿತರು “ಪ್ಲಗ್‌ಇನ್ನು ಹಾಕಿ ನೋಡಿ” ಎನ್ನುತ್ತಾರೆ. ಹುಡುಕಿದರೆ ನೂರಾರು ಹೆಸರುಗಳು, ಒಂದೊಂದಕ್ಕೂ ಹತ್ತಾರು ತಿರುಗುಗುಂಡಿಗಳು. ಎಲ್ಲಿಂದ ಆರಂಭಿಸಬೇಕೆಂಬುದು ತೋಚದು. ಅಂಥವರಿಗೆ ನೆರವಾಗಲೆಂದು ನಾಲ್ಕು ಮಾತುಗಳನ್ನು ಹೇಳುವುದು ನನ್ನ ಉದ್ದೇಶ.

ಪ್ಲಗ್‌ಇನ್ನೆಂದರೆ ಧ್ವನಿಮುದ್ರಣದ ದೊಡ್ಡ ತಂತ್ರಾಂಶದೊಳಗೆ ಸೇರಿಕೊಂಡು ಒಂದು ಗೊತ್ತಾದ ಕೆಲಸವನ್ನು ಮಾಡುವ ಚಿಕ್ಕ ತಂತ್ರಾಂಶ. ಮೈಕಿನ ಮೂಲಕ ಬಂದ ಧ್ವನಿಯನ್ನು ಗಣಕಯಂತ್ರವು ಸೆಕೆಂಡಿಗೆ ೪೪,೧೦೦ ಸಲವೋ ೪೮,೦೦೦ ಸಲವೋ ಅಳೆದು, ಒಂದೊಂದು ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದಿಡುತ್ತದೆ. ಪ್ಲಗ್‌ಇನ್ನು ಮಾಡುವುದು ಈ ಸಂಖ್ಯೆಗಳ ಗಣಿತವನ್ನೇ. ಪ್ರತಿಯೊಂದು ಸಂಖ್ಯೆಯನ್ನೂ ಅರ್ಧಮಾಡಿದರೆ ಧ್ವನಿಯು ಸುಮಾರು ೬ ಡೆಸಿಬೆಲ್ ತಗ್ಗುತ್ತದೆ. ಈಗಿನ ಸಂಖ್ಯೆಗೆ ಸೆಕೆಂಡಿನ ಮೂರನೆಯ ಒಂದಂಶದಷ್ಟು ಹಿಂದಿನ ಸಂಖ್ಯೆಯನ್ನು ಕೂಡಿಸಿದರೆ ಪ್ರತಿಧ್ವನಿಯು ಹುಟ್ಟುತ್ತದೆ. ಮಿಕ್ಕ ಚಮತ್ಕಾರಗಳೆಲ್ಲವೂ ಇದರ ವಿಸ್ತಾರವೇ ಹೊರತು ಬೇರೆಯಲ್ಲ.

ಈ ಸೌಲಭ್ಯವು ಒಂದೇ ದಿನದಲ್ಲಿ ಬಂದುದಲ್ಲ. ೧೯೪೭ರಲ್ಲಿ ಅಮೆರಿಕದ ಚಿಕಾಗೋ ನಗರದಲ್ಲಿ ಬಿಲ್ ಪಟ್ನಮ್ ಎಂಬ ಮುದ್ರಣತಜ್ಞರು, ಹಾರ್ಮೋನಿಕಾ ವಾದ್ಯದ ಒಂದು ಮೇಳವನ್ನು ಮುದ್ರಿಸುವಾಗ, ಅದರ ಧ್ವನಿಯನ್ನು ಸ್ನಾನಗೃಹದಲ್ಲಿಟ್ಟ ಧ್ವನಿವರ್ಧಕಕ್ಕೆ ಕಳುಹಿಸಿ, ಅಲ್ಲಿಯ ಗೋಡೆಗಳಿಂದ ಮರಳಿದ ಅನುರಣನವನ್ನು ಮತ್ತೊಂದು ಮೈಕಿನಿಂದ ಹಿಡಿದು ಬೆರೆಸಿದರು. ಹತ್ತು ವರ್ಷಗಳ ಮೇಲೆ, ೧೯೫೭ರಲ್ಲಿ, ಜರ್ಮನಿಯಲ್ಲಿ ತೂಗುಹಾಕಿದ ದೊಡ್ಡ ಉಕ್ಕಿನ ತಗಡನ್ನು ನಡುಗಿಸಿ ಅನುರಣನವನ್ನು ಪಡೆಯುವ ಇ.ಎಂ.ಟಿ. ೧೪೦ ಎಂಬ ಯಂತ್ರವು ಹೊರಬಂದಿತು. ಅದನ್ನು ಎತ್ತಿಡುವುದಕ್ಕೆ ಹಲವರು ಆಳುಗಳೇ ಬೇಕು. ೧೯೬೦ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದ ಮನ್‌ಫ್ರೆಡ್ ಶ್ರೋಡರ್ ಎಂಬ ವಿಜ್ಞಾನಿಯು, ಗೋಡೆಯಾಗಲಿ ತಗಡಾಗಲಿ ಇಲ್ಲದೆ ಕೇವಲ ಗಣಿತದಿಂದಲೇ ಅನುರಣನವನ್ನು ಉಂಟುಮಾಡುವ ವಿಧಾನವನ್ನು ತೋರಿಸಿದರು. ೧೯೯೬ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆಯು ವಿ.ಎಸ್.ಟಿ. ಎಂಬ ಪದ್ಧತಿಯನ್ನು ಪ್ರಕಟಿಸಿದ ಮೇಲೆ, ಒಬ್ಬರು ರಚಿಸಿದ ಪ್ಲಗ್‌ಇನ್ನು ಮತ್ತೊಬ್ಬರ ತಂತ್ರಾಂಶದಲ್ಲಿ ನಡೆಯುವುದು ಇನ್ನಷ್ಟು ಸುಲಭವಾಯಿತು. ಹೀಗೆ ಸ್ನಾನಗೃಹವೂ ತಗಡೂ ನಮ್ಮ ಮೇಜಿನ ಮೇಲೆ ಬಂದು ಕುಳಿತವು.

ಆರಂಭಕ್ಕೆ ಬೇಕಾದುವು ಬಹಳ ಇಲ್ಲ. ಮುದ್ರಣದ ಒಂದು ತಂತ್ರಾಂಶ, ಕಿವಿಗೆ ಸರಿಯಾಗಿ ಕೂರುವ ಒಂದು ಹೆಡ್‌ಫೋನು, ಚೆನ್ನಾಗಿ ಮುದ್ರಿತವಾದ ಒಂದು ಹಾಡು, ಇಷ್ಟಿದ್ದರೆ ಸಾಕು. ಆಡಾಸಿಟಿ ಎಂಬುದು ಉಚಿತವಾಗಿ ದೊರೆಯುವ ತಂತ್ರಾಂಶ. ಆಪಲ್ ಯಂತ್ರವುಳ್ಳವರಿಗೆ ಗ್ಯಾರೇಜ್‌ಬ್ಯಾಂಡ್ ಉಂಟು. ಇಂಥವುಗಳಲ್ಲಿ ಮುಖ್ಯ ಪರಿಣಾಮಗಳು ಮೊದಲೇ ಇರುತ್ತವೆ. ಆದಕಾರಣ ಕೊಳ್ಳುವ ಅವಸರವು ಬೇಡ. ಕೊಳ್ಳುವ ಕಾಲ ಬಂದಾಗ ತಮ್ಮ ತಂತ್ರಾಂಶವು ಯಾವ ಪದ್ಧತಿಯನ್ನು ಒಪ್ಪುತ್ತದೆಂಬುದನ್ನು ನೋಡಬೇಕು. ವಿ.ಎಸ್.ಟಿ.ಯನ್ನು ಅನೇಕ ತಂತ್ರಾಂಶಗಳು ಒಪ್ಪುತ್ತವೆ; ಆಪಲ್ ಯಂತ್ರಗಳಲ್ಲಿ ಆಡಿಯೋ ಯೂನಿಟ್ಸ್ ಎಂಬುದೂ, ಪ್ರೋ ಟೂಲ್ಸ್‌ನಲ್ಲಿ ಎ.ಎ.ಎಕ್ಸ್. ಎಂಬುದೂ ನಡೆಯುತ್ತವೆ. ಬೀಗಕ್ಕೆ ತಕ್ಕ ಕೀಲಿಕೈ ಬೇಕೆಂಬಷ್ಟೇ ಇದರ ಅರ್ಥ.

ಮೊದಲು ಕಲಿಯತಕ್ಕುವು ಮೂರು ಪರಿಣಾಮಗಳು. ಒಂದನೆಯದು ಈಕ್ವಲೈಸರು. ದೂರದ ತಂತಿಗಳಲ್ಲಿ ಹಾದು ಸವೆದುಹೋದ ಟೆಲಿಫೋನು ಧ್ವನಿಯನ್ನು ಮತ್ತೆ ಸಮಮಾಡುವುದಕ್ಕಾಗಿ ಹುಟ್ಟಿದ ಉಪಾಯವಿದು. ಹೆಸರು ಬಂದುದೂ ಅದರಿಂದಲೇ. ಧ್ವನಿಯ ಕೆಳಗಿನ, ನಡುವಿನ, ಮೇಲಿನ ಭಾಗಗಳನ್ನು ಬೇರೆಬೇರೆಯಾಗಿ ಏರಿಸಲು ಇಳಿಸಲು ಇದು ಅನುಕೂಲ. ಹೊಸಬರು ಮೊದಲು ಮಾಡಬೇಕಾದುದು ಏರಿಸುವ ಕೆಲಸವಲ್ಲ, ಕಳೆಯುವ ಕೆಲಸ. ಬೀದಿಯ ವಾಹನಗಳ ಗುಡುಗೂ, ನೆಲದ ಮೇಲೆ ಓಡಾಡಿದ ಹೆಜ್ಜೆಯ ಸಪ್ಪಳವೂ ಬಹುಮಟ್ಟಿಗೆ ಕೆಳಗಿನ ಭಾಗದಲ್ಲಿಯೇ ಸೇರಿರುತ್ತವೆ. ಕಂಠಕ್ಕೆ ಅವು ಬೇಕಾಗಿಲ್ಲ.

ಆದರೆ ಎಲ್ಲಿಯವರೆಗೆ ಕಳೆಯಬಹುದು? ಇದಕ್ಕೆ ಸಂಗೀತವೇ ಉತ್ತರ ಹೇಳಬೇಕು. ಗಾಯಕರೊಬ್ಬರ ಷಡ್ಜವು ಸೆಕೆಂಡಿಗೆ ಸುಮಾರು ೧೩೦ ಕಂಪನಗಳೆಂದು ಭಾವಿಸೋಣ. ಮಂದ್ರಸ್ಥಾಯಿಯ ಪಂಚಮವು ಅದರ ಮುಕ್ಕಾಲು ಪಾಲು, ಎಂದರೆ ಸುಮಾರು ೯೮. ೮೦ಕ್ಕಿಂತ ಕೆಳಗಿನದನ್ನು ಕಳೆದರೆ ಹಾಡಿಗೆ ಹಾನಿಯಿಲ್ಲ. ಪುಸ್ತಕದಲ್ಲಿ ಓದಿದೆವೆಂದು ೧೫೦ರವರೆಗೂ ಕಳೆದುಬಿಟ್ಟರೆ, ಗಾಯಕರು ಶ್ರಮಪಟ್ಟು ಮುಟ್ಟಿದ ಮಂದ್ರಪಂಚಮದ ಮೈಯೇ ಕರಗಿಹೋಗುತ್ತದೆ. ಅದೇ ಕಟ್ಟಳೆಯಿಂದ ಮೃದಂಗವನ್ನು ತಿದ್ದಿದರೆ ತೊಪ್ಪಿಯ ಕಡೆಯ ಗುಂಕಾರವೇ ಇಲ್ಲವಾದೀತು. ಆದುದರಿಂದ ಅಂಕೆಯನ್ನು ಯಾರಿಂದಲೂ ಎರವಲು ತರಬಾರದು. ಹಾಡಿನ ಶ್ರುತಿಯಿಂದ ಲೆಕ್ಕಹಾಕಬೇಕು.

ಎರಡನೆಯದು ಕಂಪ್ರೆಸರು, ಎಂದರೆ ಏರಿಳಿತವನ್ನು ಅದುಮುವ ಸಾಧನ. ಇದಕ್ಕೂ ರೇಡಿಯೋವಿಗೂ ಹಳೆಯ ನಂಟು. ಮಾತನಾಡುವವರು ಒಮ್ಮೆಗೇ ಧ್ವನಿಯೇರಿಸಿದರೆ ಪ್ರಸಾರಯಂತ್ರವು ತನ್ನ ಮಿತಿಯನ್ನು ಮೀರಿ ಶಬ್ದವು ಒಡೆಯುತ್ತದೆ. ನಿಯಂತ್ರಣದ ಗುಂಡಿಯ ಮೇಲೆ ಕೈಯಿಟ್ಟು ಕುಳಿತವರು ಎಷ್ಟು ಚುರುಕಾಗಿದ್ದರೂ ಒಮ್ಮೊಮ್ಮೆ ತಡವಾಗುತ್ತಿತ್ತು. ಆ ಕೈಯ ಕೆಲಸವನ್ನು ತಾನೇ ಮಾಡುವ ಯಂತ್ರಗಳು ೧೯೩೦ರ ದಶಕದಲ್ಲಿ ಪ್ರಸಾರನಿಲಯಗಳಿಗೆ ಬಂದುವು. ಇಂದಿನ ಪ್ಲಗ್‌ಇನ್ನು ಅವುಗಳ ಸಂತತಿ.

ಇದರ ಲೆಕ್ಕವು ಸುಲಭ. ಗಣಕಯಂತ್ರದಲ್ಲಿ ಧ್ವನಿಯ ಪರಮಾವಧಿಗೆ ಸೊನ್ನೆಯೆಂದು ಹೆಸರು. ಅದಕ್ಕಿಂತ ಕೆಳಗಿನದೆಲ್ಲವೂ ಋಣಸಂಖ್ಯೆ. ಹೊಸ್ತಿಲನ್ನು ಸೊನ್ನೆಗಿಂತ ೨೦ ಡೆಸಿಬೆಲ್ ಕೆಳಗೆ ಇಟ್ಟು, ನಾಲ್ಕಕ್ಕೆ ಒಂದು ಎಂಬ ಪ್ರಮಾಣವನ್ನು ಗೊತ್ತುಮಾಡಿದೆವೆನ್ನೋಣ. ಕಂಠವು ಹೊಸ್ತಿಲನ್ನು ೮ ಡೆಸಿಬೆಲ್ ಮೀರಿದರೆ, ಹೊರಗೆ ೨ ಡೆಸಿಬೆಲ್ ಮೀರಿದಂತೆ ಮಾತ್ರ ಕೇಳಿಸುತ್ತದೆ. ೬ ಡೆಸಿಬೆಲ್ ಅದುಮಿಹೋಯಿತು. ಎಷ್ಟು ಬೇಗ ಅದುಮಬೇಕು, ಎಷ್ಟು ಬೇಗ ಬಿಡಬೇಕು ಎಂಬುದಕ್ಕೆ ಬೇರೆ ಎರಡು ಗುಂಡಿಗಳಿವೆ. ಮೃದಂಗದ ಚಾಪು ಬಿದ್ದ ಕ್ಷಣದಲ್ಲಿಯೇ ಅದುಮಿದರೆ ಪೆಟ್ಟಿನ ತುದಿ ಮೊಂಡಾಗುತ್ತದೆ. ಸೆಕೆಂಡಿನ ಸಾವಿರದಲ್ಲಿ ಇಪ್ಪತ್ತು ಮೂವತ್ತು ಭಾಗ ತಡೆದು ಅದುಮಿದರೆ ಪೆಟ್ಟು ಉಳಿಯುತ್ತದೆ. ಹೊಸಬರು ಎರಡಕ್ಕೆ ಒಂದು ಎಂಬ ಮೃದುವಾದ ಪ್ರಮಾಣದಿಂದ ಹೊರಟು, ೩ ಡೆಸಿಬೆಲ್‌ಗಿಂತ ಹೆಚ್ಚು ಅದುಮದಿರುವುದು ಕ್ಷೇಮ. ರಾಗವು ಮೆಲ್ಲನೆ ಅರಳಿ ತಾರಸ್ಥಾಯಿಗೆ ಏರುವುದೇ ಒಂದು ಸೊಗಸು. ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದಮೇಲೆ ಏರುವುದಕ್ಕೆ ಎಡೆಯೆಲ್ಲಿ?

ಮೂರನೆಯದು ರಿವರ್ಬು, ಎಂದರೆ ಅನುರಣನ. ಅದರ ಒಡಹುಟ್ಟು ಡಿಲೇ, ಎಂದರೆ ಪ್ರತಿಧ್ವನಿ. ವಿಜಯಪುರದ ಗೋಲ್‌ಗುಂಬಜನ್ನು ನೋಡಿದವರಿಗೆ ಇವನ್ನು ವಿವರಿಸಬೇಕಾದುದಿಲ್ಲ. ೧೬೫೬ರಲ್ಲಿ ಮುಗಿದ ಆ ಕಟ್ಟಡದ ಗುಮ್ಮಟವು ಒಳಗೆ ಸುಮಾರು ೩೮ ಮೀಟರು ಅಗಲವಾಗಿದೆ. ಶಬ್ದವು ಸೆಕೆಂಡಿಗೆ ಸುಮಾರು ೩೪೦ ಮೀಟರು ಓಡುವುದರಿಂದ, ಅಡ್ಡಲಾಗಿ ಹಾಯ್ದು ಮರಳಲು ಸೆಕೆಂಡಿನ ಐದನೆಯ ಒಂದಂಶಕ್ಕಿಂತ ತುಸು ಹೆಚ್ಚು ಹಿಡಿಯುತ್ತದೆ. ಆದಕಾರಣ ಮರಳಿದ ಶಬ್ದವು ಬೇರೆಯಾಗಿ ಕೇಳಿಸುತ್ತದೆ, ಅದು ಪ್ರತಿಧ್ವನಿ. ಚಿಕ್ಕ ಸ್ಥಳದಲ್ಲಿ ಮರಳುವಿಕೆಗಳು ಒಂದರ ಮೇಲೊಂದು ಬಿದ್ದು ಬಿಡಿಬಿಡಿಯಾಗಿ ಕೇಳದೆ ಒಂದೇ ಹೊಳಹಾಗುತ್ತವೆ; ಅದು ಅನುರಣನ. ಧ್ವನಿಯು ೬೦ ಡೆಸಿಬೆಲ್ ಇಳಿಯಲು ಬೇಕಾಗುವ ಕಾಲವನ್ನು ಅನುರಣನದ ಅವಧಿಯೆಂದು ಕರೆಯುತ್ತಾರೆ. ಪ್ಲಗ್‌ಇನ್ನಿನಲ್ಲಿ ತಾವು ತಿರುಗಿಸುವ ಮುಖ್ಯ ಗುಂಡಿಯು ಇದೇ.

ಇಲ್ಲಿ ಒಂದು ಸೂಚನೆ. ಕಂಠಕ್ಕೊಂದು, ಪಿಟೀಲಿಗೊಂದು, ಮೃದಂಗಕ್ಕೊಂದು ಹೀಗೆ ಬೇರೆಬೇರೆ ರಿವರ್ಬುಗಳನ್ನು ಹಾಕಿದರೆ ಮೂವರೂ ಮೂರು ಊರುಗಳಲ್ಲಿ ಕುಳಿತಂತಾಗುತ್ತದೆ. ಒಂದೇ ರಿವರ್ಬನ್ನು ಪ್ರತ್ಯೇಕವಾಗಿ ತೆರೆದು, ಪ್ರತಿಯೊಂದರಿಂದಲೂ ಬೇಕಾದಷ್ಟು ಪಾಲನ್ನು ಅಲ್ಲಿಗೆ ಕಳುಹಿಸಬೇಕು. ಆಗ ಎಲ್ಲರೂ ಒಂದೇ ಜಮಖಾನೆಯ ಮೇಲೆ ಕುಳಿತವರಾಗುತ್ತಾರೆ. ಪ್ರಮಾಣವನ್ನು ಅರಿಯಲು ಸುಲಭವಾದ ಉಪಾಯವಿದೆ: ಸ್ಪಷ್ಟವಾಗಿ ಕೇಳುವವರೆಗೆ ಏರಿಸಿ, ಅಲ್ಲಿಂದ ಸ್ವಲ್ಪ ಇಳಿಸಿ ಬಿಡಿರಿ.

ಇವುಗಳ ಆಚೆಗೆ ಇನ್ನೊಂದು ಪರಿಣಾಮವಿದೆ. ಅದನ್ನು ಕುರಿತು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ತಪ್ಪಾದೀತು. ಅದು ಸ್ವರವನ್ನು ತಿದ್ದುವ ಪ್ಲಗ್‌ಇನ್ನು. ತೈಲವನ್ನು ಹುಡುಕಲು ಭೂಮಿಯೊಳಗೆ ಕಳುಹಿಸಿದ ಶಬ್ದತರಂಗಗಳ ಗಣಿತದಲ್ಲಿ ಪಳಗಿದ್ದ ಆಂಡಿ ಹಿಲ್ಡಬ್ರಾಂಡ್ ಎಂಬವರು ೧೯೯೭ರಲ್ಲಿ ಆಟೋಟ್ಯೂನ್ ಎಂಬುದನ್ನು ಹೊರತಂದರು. ತಪ್ಪಿದ ಸ್ವರವನ್ನು ಅದು ಹತ್ತಿರದ ಸ್ಥಾನಕ್ಕೆ ಎಳೆದು ಕೂರಿಸುತ್ತದೆ. ಸಾಮಾನ್ಯವಾಗಿ ಆ ಸ್ಥಾನಗಳು ಪಿಯಾನೋವಿನ ಹನ್ನೆರಡು ಸಮಭಾಗಗಳು. ನಿಲ್ಲುವ ಸ್ವರಗಳ ಸಂಗೀತಕ್ಕೆ ಇದು ಉಪಕಾರಿ. ಆದರೆ ನಮ್ಮ ತೋಡಿಯ ಗಾಂಧಾರವು ಒಂದೆಡೆ ನಿಲ್ಲತಕ್ಕ ಸ್ವರವೇ ಅಲ್ಲ. ಅದರ ಜೀವವಿರುವುದು ಆಂದೋಲನದಲ್ಲಿ. ಯಂತ್ರವು ಆ ಆಂದೋಲನವನ್ನು ತಪ್ಪೆಂದು ತಿಳಿದು ಮೆಟ್ಟಿಲುಗಳನ್ನಾಗಿ ಕಡಿದರೆ, ಸ್ವರವು ಉಳಿದು ರಾಗವು ಹೋಗುತ್ತದೆ. ಇದು ಯಂತ್ರದ ದೋಷವಲ್ಲ. ಅದನ್ನು ಎಲ್ಲಿ ಬಳಸಬಾರದೆಂದು ತಿಳಿಯದ ನಮ್ಮ ದೋಷ.

ಇನ್ನು ಕಿವಿಯ ಮೋಸವೊಂದನ್ನು ಹೇಳಬೇಕು. ೧೯೩೩ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು, ಶಬ್ದವು ತಗ್ಗಿದಾಗ ಕಿವಿಯು ಮಂದ್ರವನ್ನು ಹೆಚ್ಚಾಗಿ ಕಳೆದುಕೊಳ್ಳುತ್ತದೆಂದು ಅಳೆದು ತೋರಿಸಿದರು. ಎಂದರೆ, ಏನನ್ನೂ ಮಾಡದೆ ಬರಿದೇ ಶಬ್ದವನ್ನು ಏರಿಸಿದರೂ ಧ್ವನಿಯು ತುಂಬಿದಂತೆ ತೋರುತ್ತದೆ. ಅನೇಕ ಪ್ಲಗ್‌ಇನ್ನುಗಳು ಹಾಕಿದೊಡನೆ ಶಬ್ದವನ್ನು ತುಸು ಏರಿಸುತ್ತವೆ. ನಾವು ಅದನ್ನೇ ಸುಧಾರಣೆಯೆಂದು ಭ್ರಮಿಸುತ್ತೇವೆ. ಆದುದರಿಂದ ಪರಿಣಾಮವನ್ನು ಹಾಕಿದ ಮೇಲೆ ಅದರ ಹೊರಹರಿವನ್ನು ಇಳಿಸಿ, ಮೂಲದ ಮಟ್ಟಕ್ಕೆ ಸಮಮಾಡಿ, ಕಣ್ಣುಮುಚ್ಚಿಕೊಂಡು ಒಮ್ಮೆ ಹಾಕಿ ಒಮ್ಮೆ ತೆಗೆದು ಕೇಳಬೇಕು. ತೆಗೆದದ್ದೇ ಚೆನ್ನಾಗಿದ್ದರೆ ನಾಚಿಕೆಪಡದೆ ತೆಗೆದುಬಿಡಬೇಕು.

ಈ ಪಾಠವನ್ನು ನಾನು ಕಲಿತುದು ಬೆಲೆಕೊಟ್ಟು. ನಮ್ಮ ಸೋದರತ್ತೆಯವರು ಹಸೆಯ ಹಾಡುಗಳನ್ನು ಹೇಳುತ್ತಿದ್ದರು. ಒಂದು ಮಧ್ಯಾಹ್ನ ಅವರ ಮನೆಯ ನಡುಮನೆಯಲ್ಲಿ ಅವನ್ನು ಮುದ್ರಿಸಿಕೊಂಡೆ. ಊರಿಗೆ ಮರಳಿ ಹೊಸ ಉತ್ಸಾಹದಲ್ಲಿ ಪಂಖದ ಸದ್ದನ್ನು ಅಳಿಸಿದೆ. ಅದರೊಡನೆ ಅವರ ಉಸಿರೂ ಅಳಿಯಿತು. ಧ್ವನಿಯನ್ನು ಅದುಮಿದೆ, ದೊಡ್ಡ ಸಭಾಂಗಣದ ಅನುರಣನವನ್ನು ಹೊದಿಸಿದೆ. ಎಲ್ಲವೂ ಜೋರಾಗಿತ್ತು, ನನಗೆ ಸೊಗಸಾಗಿಯೂ ಕೇಳಿಸಿತು. ಪ್ಲಗ್‌ಇನ್ನು ತನ್ನಷ್ಟಕ್ಕೆ ಮೂಲವನ್ನು ಕೆಡಿಸುವುದಿಲ್ಲ, ಕೆಡಿಸಿದವನು ನಾನು. ಸಿದ್ಧವಾದುದನ್ನು ಮೂಲದ ಹೆಸರಿನಲ್ಲಿಯೇ ಅದರ ಮೇಲೆಯೇ ಬರೆದುಬಿಟ್ಟೆ. ಮರುವರ್ಷ ಅತ್ತೆಯವರು ತೀರಿಕೊಂಡರು. ಅವರ ಮಗಳು ಅದನ್ನು ಕೇಳಿ, “ಭಾವ, ಧ್ವನಿಯೇನೋ ಅಮ್ಮನದೇ; ಆದರೆ ಅಮ್ಮ ನಮ್ಮ ಮನೆಯಲ್ಲಿ ಕೂತು ಹಾಡಿದ ಹಾಗಿಲ್ಲವಲ್ಲ” ಎಂದಳು. ಅವಳಿಗೆ ಕೊಡಲು ನನ್ನಲ್ಲಿ ಮತ್ತೊಂದು ಪ್ರತಿಯಿರಲಿಲ್ಲ.

ಆದುದರಿಂದ ಆರಂಭಿಸುವವರು ಎಲ್ಲಕ್ಕಿಂತ ಮೊದಲು ಮೂಲದ ಎರಡು ಪ್ರತಿಗಳನ್ನು ಬೇರೆಬೇರೆ ಕಡೆಗಳಲ್ಲಿ ಇಡಲಿ. ಮೊದಲ ವಾರ ಈಕ್ವಲೈಸರೊಂದನ್ನೇ, ಎರಡನೆಯ ವಾರ ಕಂಪ್ರೆಸರನ್ನೇ, ಮೂರನೆಯ ವಾರ ರಿವರ್ಬನ್ನೇ ಹಾಡಿನ ಮೇಲೆ ಪ್ರಯೋಗಿಸಲಿ. ನಾಲ್ಕನೆಯ ವಾರ ಮೂರನ್ನೂ ಇದೇ ಕ್ರಮದಲ್ಲಿ ಜೋಡಿಸಿ, ಮೂಲದೊಡನೆ ಸಮಮಟ್ಟದಲ್ಲಿ ಹೋಲಿಸಲಿ. ಆಮೇಲೆ ಆ ಹಾಡನ್ನು ಹಾಡಿದವರನ್ನೇ ಕರೆದು ಕೇಳಿಸಲಿ. ಇದು ತಮ್ಮ ಧ್ವನಿಯೇ ಎಂದು ಅವರು ಸಂದೇಹವಿಲ್ಲದೆ ಒಪ್ಪಿದರೆ, ಗುಂಡಿಗಳ ಮೇಲಿಂದ ಕೈ ತೆಗೆಯುವ ಸಮಯವು ಬಂದಿತೆಂದು ತಿಳಿಯಬಹುದು.