ಜಲೀಲನಿಗೆ ಮೊದಲೇ ಗೊತ್ತಿತ್ತೆ?

ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೊರಟರೆ ದಾರಿಯಲ್ಲಿ ಕೆ.ಎಂ. ದೊಡ್ಡಿ ಸಿಗುತ್ತದೆ, ಭಾರತೀನಗರ ಎಂಬುದು ಅದರ ಇನ್ನೊಂದು ಹೆಸರು. ಆ ಸೀಮೆಯ ಕಬ್ಬು, ಭತ್ತದ ಬಯಲಿನ ನಡುವೆ ದೊಡ್ಡರಸಿನಕೆರೆ ಇದೆ. 1952ರ ಮೇ 29ರಂದು ಹುಟ್ಟಿದ ನಟ ಅಂಬರೀಶ್ ಈ ಊರಿನವರು. ಅವರ ಪೂರ್ಣ ಹೆಸರು ಮಳವಳ್ಳಿ ಹುಚ್ಚೇಗೌಡ ಅಮರನಾಥ. ಊರು ಮದ್ದೂರು ತಾಲ್ಲೂಕಿನದು, ಹೆಸರಿನಲ್ಲಿ ಮಳವಳ್ಳಿ, ಜನ ಕರೆದದ್ದು ಮಂಡ್ಯದ ಗಂಡು ಎಂದು. ಪಿಟೀಲು ಚೌಡಯ್ಯನವರ ಮೊಮ್ಮಗನಾದ ಈ ಮನುಷ್ಯ ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಬಣ್ಣ ಹಚ್ಚಿದರು. ಅವುಗಳಲ್ಲಿ ಹಬ್ಬದಂತೆ ಓಡಿದವು ಇವೆ, ಎರಡನೇ ವಾರ ಕಾಣದವೂ ಇವೆ.

ಅಂಥ ಒಬ್ಬ ನಟನಿಗೆ ತನ್ನ ಚಿತ್ರ ನಾಳೆ ವಿಮರ್ಶಕರ ಕೈಯಲ್ಲಿ ಏನಾಗಲಿದೆ ಎಂಬುದು ಮೊದಲೇ ತಿಳಿದಿರುತ್ತದೆಯೇ? ಶುಕ್ರವಾರ ಪಿಚ್ಚರ್ ಬಿಡುಗಡೆಯಾಗಿ ಮರುದಿನ ಪತ್ರಿಕೆಯಲ್ಲಿ ‘ಕಥೆಯಿಲ್ಲ, ಹಿಡಿತವಿಲ್ಲ’ ಎಂದು ಓದಿದಾಗಲೆಲ್ಲ ನನಗೆ ಈ ಪ್ರಶ್ನೆ ಏಳುತ್ತದೆ. ಮೂರು ತಾಸು ಕೂತು ನೋಡಿದ ನಮಗೆ ಹೊಳೆದದ್ದು, ಆರು ತಿಂಗಳು ಅದರೊಳಗೇ ಇದ್ದವನಿಗೆ ಹೊಳೆಯಲಿಲ್ಲವೇ?

ಇದಕ್ಕೆ ಉತ್ತರ ಹುಡುಕುವ ಮೊದಲು ನಮ್ಮ ಹಳ್ಳಿಯ ನಾಟಕದ ಅಟ್ಟಕ್ಕೆ ಹೋಗಬೇಕು. ಮಂಡ್ಯ ಸೀಮೆಯಲ್ಲಿ ಹುಟ್ಟಿದವರಿಗೆ ‘ಕುರುಕ್ಷೇತ್ರ’ ಎಂದರೆ ಪುಸ್ತಕವಲ್ಲ, ರಾತ್ರಿಯಿಡೀ ನಡೆಯುವ ನಾಟಕ. ಸುಗ್ಗಿ ಮುಗಿದ ಮೇಲೆ ಊರವರು ಸೇರುತ್ತಾರೆ. ಪಾತ್ರ ಬೇಕಾದವರು ದುಡ್ಡು ಕಟ್ಟುತ್ತಾರೆ. ದುರ್ಯೋಧನ, ಕೃಷ್ಣ, ಭೀಮನ ಪಾತ್ರಗಳಿಗೆ ಹೆಚ್ಚು, ದ್ವಾರಪಾಲಕನಿಗೆ ಕಮ್ಮಿ. ಹಾರ್ಮೋನಿಯಂ ಮುಂದಿಟ್ಟುಕೊಂಡ ಡ್ರಾಮಾ ಮೇಷ್ಟ್ರು ತಿಂಗಳುಗಟ್ಟಲೆ ಸಂಜೆ ಹೊತ್ತು ಮಟ್ಟು ಕಲಿಸುತ್ತಾರೆ. ಸೀನರಿ ಬಾಡಿಗೆಗೆ ಬರುತ್ತದೆ, ಹೆಣ್ಣುಪಾತ್ರಕ್ಕೆ ಕಲಾವಿದೆಯರು ಬೇರೆ ಊರಿಂದ ಬರುತ್ತಾರೆ. ಹಗಲೆಲ್ಲ ಗದ್ದೆಗೆ ನೀರು ಕಟ್ಟುವ ಮನುಷ್ಯ ಆ ರಾತ್ರಿ ಕಿರೀಟ ಇಟ್ಟು ನಿಲ್ಲುತ್ತಾನೆ.

ಚಿಕ್ಕವನಿದ್ದಾಗ ಚಾಪೆ ಹಾಸಿಕೊಂಡು ಇಂಥ ನಾಟಕ ನೋಡಿದ್ದೇನೆ. ದುರ್ಯೋಧನ ಮಾಡಿದವರು ನಮಗೆ ಸಂಬಂಧದಲ್ಲಿ ದೊಡ್ಡಪ್ಪ. ಮೊದಲ ಕಂದದಲ್ಲೇ ಶ್ರುತಿ ತಪ್ಪಿತು. ಯಾರೂ ಕೂಗಲಿಲ್ಲ, ಬೈಯಲಿಲ್ಲ. ಮುಂದಿನ ಸಾಲಿನ ಹೆಂಗಸರು ಒಬ್ಬರಿಗೊಬ್ಬರು ಎಲೆಅಡಿಕೆ ಕೊಟ್ಟುಕೊಳ್ಳತೊಡಗಿದರು, ಗಂಡಸರು ಬೀಡಿಗೆಂದು ಎದ್ದರು. ಅಟ್ಟದ ಮೇಲಿದ್ದವರಿಗೆ ಅಷ್ಟು ಸಾಕಾಯಿತು. ಬೆಳಗ್ಗೆ ಬಣ್ಣ ಒರೆಸಿಕೊಳ್ಳುತ್ತ ಅವರು ಹೇಳಿದ್ದು ಒಂದೇ ಮಾತು: ‘ಬುಡ್ಲಾ, ಈ ಸಲ ಕೂಡ್ಲಿಲ್ಲ.’ ಅದಕ್ಕಿಂತ ನೇರವಾದ ವಿಮರ್ಶೆಯನ್ನು ನಾನು ಆಮೇಲೆ ಯಾವ ಪತ್ರಿಕೆಯಲ್ಲೂ ಓದಲಿಲ್ಲ.

ನಾಟಕದ ನಟನಿಗೆ ಗೊತ್ತಾಗುತ್ತದೆ, ಯಾಕೆಂದರೆ ನೋಡುವವರು ಎದುರಿಗೇ ಇರುತ್ತಾರೆ. ಸಿನಿಮಾ ನಟನಿಗೆ ಆ ಭಾಗ್ಯವಿಲ್ಲ. ಅವನ ಎದುರಿಗಿರುವುದು ಕ್ಯಾಮೆರಾ. ಕಥೆಯ ಕೊನೆಯನ್ನು ಮೊದಲ ವಾರವೇ ಚಿತ್ರೀಕರಿಸಿರುತ್ತಾರೆ. ತಾಯಿ ಸತ್ತ ದೃಶ್ಯ ಬೆಳಗ್ಗೆ, ಅದೇ ತಾಯಿಯ ಕೈತುತ್ತು ಉಣ್ಣುವ ದೃಶ್ಯ ಮಧ್ಯಾಹ್ನ. ಮುಹೂರ್ತದಿಂದ ಕುಂಬಳಕಾಯಿ ಒಡೆಯುವವರೆಗೆ ಅವನು ಕಾಣುವುದು ಚೂರುಗಳನ್ನು ಮಾತ್ರ. ಚೂರು ಚೆನ್ನಾಗಿದ್ದರೆ ಇಡಿಯೂ ಚೆನ್ನಾಗಿರುತ್ತದೆ ಎಂದು ನಂಬಿಕೊಳ್ಳುತ್ತಾನೆ. ಆ ನಂಬಿಕೆ ಇಲ್ಲದೆ ಮರುದಿನದ ಕಾಲ್‌ಶೀಟಿಗೆ ಬರಲಾಗದು.

ಅನುಮಾನ ಹುಟ್ಟುವ ಜಾಗ ಡಬ್ಬಿಂಗ್ ಕೋಣೆ. ಅಲ್ಲಿ ಬಣ್ಣವಿಲ್ಲ, ಲೈಟಿಲ್ಲ, ಸುತ್ತ ನಿಂತು ಹೊಗಳುವವರಿಲ್ಲ. ಕತ್ತಲಲ್ಲಿ ಒಂದು ಪರದೆ, ಮುಂದೊಂದು ಮೈಕು. ತನ್ನದೇ ತುಟಿಗೆ ತಾನೇ ಮಾತು ಕೂಡಿಸಬೇಕು. ಒಂದೇ ಸಾಲನ್ನು ಹತ್ತು ಸಲ ಹೇಳಿದಾಗ ಆ ಸಾಲು ಟೊಳ್ಳೋ ಗಟ್ಟಿಯೋ ಎಂಬುದು ನಾಲಗೆಗೇ ತಿಳಿದುಬಿಡುತ್ತದೆ. ಟೊಳ್ಳು ಮಾತು ಬಾಯಲ್ಲಿ ನಿಲ್ಲುವುದಿಲ್ಲ. ನಟರಿಗೆ ಗೊತ್ತಾಗುತ್ತದೆಯೇ ಎಂಬ ಪ್ರಶ್ನೆಗೆ ನನ್ನ ಉತ್ತರದ ಅರ್ಧ ಇದು: ಹೌದು, ಗೊತ್ತಾಗುತ್ತದೆ. ಆದರೆ ಗೊತ್ತಾಗುವುದು ತನ್ನ ಪಾಲಿನ ಕೆಲಸ ನಿಜವಾಯಿತೋ ಸುಳ್ಳಾಯಿತೋ ಎಂಬುದಷ್ಟೇ. ಚಿತ್ರ ಏನಾಗುತ್ತದೆ ಎಂಬುದಲ್ಲ. ಈ ಎರಡನ್ನೂ ನಾವು ಒಂದೇ ಎಂದುಕೊಂಡಿದ್ದೇವೆ.

ಅಂಬರೀಶ್ ಅವರ ಮೊದಲ ಪಾತ್ರವೇ ಇದಕ್ಕೆ ಸಾಕ್ಷಿ. 1972ರ ‘ನಾಗರಹಾವು’ ಚಿತ್ರದ ಜಲೀಲ. ಸೈಕಲ್ಲು, ಸಿಗರೇಟು, ಹುಡುಗಿಯರ ಹಿಂದೆ ಬೀಳುವ ಪುಂಡ. ತೆರೆಯ ಮೇಲೆ ಇರುವುದು ಸ್ವಲ್ಪ ಹೊತ್ತು. ಆದರೂ ಚಿತ್ರಮಂದಿರದಿಂದ ಹೊರಬಂದ ಜನ ವಿಷ್ಣುವರ್ಧನ್ ಅವರ ರಾಮಾಚಾರಿಯ ಜೊತೆಗೆ ಈ ಜಲೀಲನನ್ನೂ ಮನೆಗೆ ಕರೆದೊಯ್ದರು. ಚಿತ್ರ ಗೆದ್ದಿತು. ಮೂರು ಕಾದಂಬರಿಗಳನ್ನು ಕೂಡಿಸಿ ಆ ಚಿತ್ರ ಮಾಡಿದ್ದ ಪುಟ್ಟಣ್ಣ ಕಣಗಾಲರನ್ನು ನಾಡು ಕೊಂಡಾಡಿತು. ಒಬ್ಬರಿಗೆ ಮಾತ್ರ ಸಮಾಧಾನವಾಗಲಿಲ್ಲ, ಕಾದಂಬರಿ ಬರೆದ ತ.ರಾ.ಸು. ಅವರಿಗೆ. ನಾಗರಹಾವು ಕೇರೆಹಾವಾಯಿತು ಎಂದು ಅವರು ನೊಂದುಕೊಂಡ ಮಾತು ಕನ್ನಡ ಚಿತ್ರರಂಗದಲ್ಲಿ ಇವತ್ತಿಗೂ ಓಡಾಡುತ್ತಿದೆ. ನಾಡೆಲ್ಲ ಮೆಚ್ಚಿದ್ದನ್ನು, ಆ ಕಥೆಯನ್ನು ಹೆತ್ತವರೇ ಮೆಚ್ಚಲಿಲ್ಲ. ಇದನ್ನು ಯಾವ ನಟ ಮೊದಲೇ ಊಹಿಸಬಲ್ಲ?

ಮುಂದಿನದು ಇನ್ನೂ ವಿಚಿತ್ರ. ಎರಡು ವರ್ಷದ ನಂತರ, 1974ರಲ್ಲಿ, ಪುಟ್ಟಣ್ಣನವರೇ ಅದೇ ಕಥೆಯನ್ನು ಹಿಂದಿಯಲ್ಲಿ ‘ಜಹ್ರೀಲಾ ಇನ್ಸಾನ್’ ಎಂದು ತೆಗೆದರು. ನಾಯಕ ರಿಷಿ ಕಪೂರ್, ಸಂಗೀತ ಆರ್.ಡಿ. ಬರ್ಮನ್. ಕನ್ನಡದಲ್ಲಿ ಮಾಡಿದ ಪಾತ್ರವನ್ನೇ ಅಂಬರೀಶ್ ಅಲ್ಲಿಯೂ ಮಾಡಿದರು. ಅದೇ ನಿರ್ದೇಶಕ, ಅದೇ ಕಥೆ, ಅದೇ ಪಾತ್ರ, ಅದೇ ನಟ. ಚಿತ್ರ ಸೋತಿತು. ಮೊದಲ ಸಲ ಸರಿಯಾದದ್ದು ಎರಡನೇ ಸಲ ತಪ್ಪಾದದ್ದು ನಟನ ಕೈಯಲ್ಲಿರಲಿಲ್ಲ. ರಾಮಾಚಾರಿಯ ಮೊಂಡುತನದ ಬೇರು ಚಿತ್ರದುರ್ಗದ ಕಲ್ಲಿನಲ್ಲಿತ್ತು, ಅವನ ಗುರು ಚಾಮಯ್ಯ ಮೇಷ್ಟ್ರ ಅಕ್ಕರೆಯಲ್ಲಿತ್ತು, ನಮ್ಮ ಜನ ಮಾತಾಡುವ ರೀತಿಯಲ್ಲಿತ್ತು. ಅದನ್ನು ಕಿತ್ತು ಬೇರೆ ಮಣ್ಣಿಗೆ ನೆಟ್ಟರೆ ಚಿಗುರಲಿಲ್ಲ. ಇದು ಈಗ ಹಿಂದಿರುಗಿ ನೋಡಿದಾಗ ತೋರುವ ಕಾರಣ. ಅವತ್ತು ಸೆಟ್ಟಿನಲ್ಲಿ ನಿಂತವರಿಗೆ ಕನ್ನಡದ ಗೆಲುವೇ ಕಣ್ಣ ಮುಂದಿದ್ದಿರಬೇಕು.

1981 ಇನ್ನೊಂದು ಬಗೆಯ ವರ್ಷ. ಆ ವರ್ಷ ಬಂದ ಅಂಬರೀಶ್ ಅವರ ಚಿತ್ರಗಳಲ್ಲಿ ಎರಡನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ರಾಜೇಂದ್ರಸಿಂಗ್ ಬಾಬು ಅವರ ‘ಅಂತ’, ಪುಟ್ಟಣ್ಣನವರ ‘ರಂಗನಾಯಕಿ’. ‘ಅಂತ’ದ ಪೊಲೀಸ್ ಅಧಿಕಾರಿ ಮತ್ತು ಕನ್ವರ್‌ಲಾಲ್ ಎಂಬ ಎರಡು ಪಾತ್ರಗಳು ಅಂಬರೀಶ್ ಅವರನ್ನು ರೆಬೆಲ್ ಸ್ಟಾರ್ ಮಾಡಿದವು, ವ್ಯವಸ್ಥೆಯ ಮೇಲೆ ಸಿಟ್ಟಿದ್ದ ಹುಡುಗರೆಲ್ಲ ಆ ಚಿತ್ರವನ್ನು ತಮ್ಮದು ಎಂದುಕೊಂಡರು. ‘ರಂಗನಾಯಕಿ’ಯಲ್ಲಿ ಅವರದು ನಾಯಕಿಯ ಸುತ್ತ ತಿರುಗುವ ಪಾತ್ರ: ನಾಟಕ ಕಂಪನಿಯ ನಟಿಯನ್ನು ಮದುವೆಯಾಗಿ, ಅವಳಿಂದ ಬಣ್ಣ ಬಿಡಿಸಲು ಹೊರಡುವ ಸಿರಿವಂತ ಗಂಡ. ಅಲ್ಲಿ ಅಬ್ಬರವಿಲ್ಲ, ಹೊಡೆದಾಟವಿಲ್ಲ. ಸಂಶಯ ಮತ್ತು ಪ್ರೀತಿ ಎರಡೂ ಒಟ್ಟಿಗೆ ಸುಡುವ ಮುಖ ಮಾತ್ರ ಇದೆ. ನನ್ನ ಅಭಿಪ್ರಾಯ ಕೇಳಿದರೆ ಅಂಬರೀಶ್ ಎಂಥ ನಟ ಎಂದು ತಿಳಿಯಲು ‘ಅಂತ’ಕ್ಕಿಂತ ‘ರಂಗನಾಯಕಿ’ ನೋಡಬೇಕು. ಆದರೆ ಆಮೇಲೆ ಅವರಿಗೆ ಸಿಕ್ಕ ಪಾತ್ರಗಳು ಬಹುಪಾಲು ‘ಅಂತ’ದ ಮಕ್ಕಳು. ವಿಮರ್ಶಕರು ಅವರಿಂದ ಏನು ಬಯಸಿದ್ದರೋ ಅದು ‘ರಂಗನಾಯಕಿ’ಯ ಕಡೆಗಿತ್ತು. ಮಂಡ್ಯದ ಟಾಕೀಸಿನ ಮುಂದೆ ಕಟೌಟಿಗೆ ಹಾಲೆರೆಯುವ ಹುಡುಗರು ಬಯಸಿದ್ದು ಇನ್ನೊಂದು ಕಡೆಗಿತ್ತು. ಇಂಥ ಕವಲಿನಲ್ಲಿ ನಿಂತ ನಟ ವಿಮರ್ಶಕರಿಗೆ ನಿರಾಸೆಯಾಗುತ್ತದೆ ಎಂದು ತಿಳಿದೇ ಎಷ್ಟೋ ಚಿತ್ರ ಒಪ್ಪಿಕೊಂಡಿರುತ್ತಾನೆ. ಅದನ್ನು ದಡ್ಡತನ ಎನ್ನಲು ನನಗೆ ಮನಸ್ಸಾಗದು. ನಿರ್ಮಾಪಕ ಮನೆ ಅಡವಿಟ್ಟು ಹಣ ತಂದಿರುತ್ತಾನೆ, ನೂರಾರು ಜನರ ಒಲೆ ಅದರ ಮೇಲೆ ಉರಿಯುತ್ತಿರುತ್ತದೆ.

ಬಿಡುಗಡೆಗೆ ಮುಂಚಿನ ಪತ್ರಿಕಾಗೋಷ್ಠಿಗಳಲ್ಲಿ ಎಲ್ಲ ನಟರೂ ‘ಇದು ಡಿಫರೆಂಟ್ ಸಿನಿಮಾ’ ಎನ್ನುವುದರ ಹಿಂದೆಯೂ ಇದೇ ಕಾರಣವಿದೆ. ಡಬ್ಬಿಂಗ್ ಕೋಣೆಯಲ್ಲಿ ಅನುಮಾನ ಹುಟ್ಟಿದ್ದರೂ ಅದನ್ನು ಬಾಯಿಬಿಟ್ಟು ಹೇಳಿದರೆ ನಿರ್ಮಾಪಕನ ಅನ್ನಕ್ಕೆ ಕಲ್ಲು ಹಾಕಿದಂತೆ. ಹೊರದೇಶದಲ್ಲಿ ವರ್ಷಗಳಾದ ಮೇಲಾದರೂ ಒಪ್ಪಿಕೊಳ್ಳುವ ರೂಢಿ ಇದೆ. ‘ಬ್ಯಾಟ್‌ಮನ್ ಅಂಡ್ ರಾಬಿನ್’ ಚಿತ್ರಕ್ಕಾಗಿ ಜಾರ್ಜ್ ಕ್ಲೂನಿ ಮತ್ತೆ ಮತ್ತೆ ಕ್ಷಮೆ ಕೇಳಿದ್ದಾರೆ. ‘ಕ್ಯಾಟ್‌ವುಮನ್’ ಚಿತ್ರದ ಕೆಟ್ಟ ನಟನೆಗೆಂದು ಕೊಟ್ಟ ಪ್ರಶಸ್ತಿಯನ್ನು ಹ್ಯಾಲಿ ಬೆರಿ 2005ರಲ್ಲಿ ತಾವೇ ವೇದಿಕೆಗೆ ಹೋಗಿ ಪಡೆದರು. ನಮ್ಮಲ್ಲಿ ಅಷ್ಟು ಧೈರ್ಯದ ಮಾತು ಕೇಳುವುದು ಅಪರೂಪ. ಕೇಳಿಸಿಕೊಳ್ಳುವ ಅಭಿಮಾನಿಗಳೂ ಅಪರೂಪ ಎಂಬುದನ್ನು ಸೇರಿಸಿ ಹೇಳಬೇಕು.

ಮೊದಲ ವಾರದ ಭಯವೂ ಸುಳ್ಳಾಗಬಹುದು. ಮಂಡ್ಯದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ರಾಮನಗರದ ಬಂಡೆಗಳು ಕಾಣುತ್ತವಲ್ಲ, ಅಲ್ಲಿ ತೆಗೆದ ‘ಶೋಲೆ’ 1975ರ ಆಗಸ್ಟ್ 15ರಂದು ಬಿಡುಗಡೆಯಾದಾಗ ವಿಮರ್ಶೆಗಳು ಚೆನ್ನಾಗಿರಲಿಲ್ಲ, ಮೊದಲ ದಿನಗಳಲ್ಲಿ ವ್ಯಾಪಾರದವರೂ ಕೈಚೆಲ್ಲಿದ್ದರು. ನಾಯಕರಲ್ಲೊಬ್ಬನಾದ ಜೈ ಸಾಯುವುದನ್ನು ಬದಲಿಸಿ ಕೊನೆಯನ್ನು ಮತ್ತೆ ಚಿತ್ರೀಕರಿಸೋಣವೇ ಎಂದು ಚಿತ್ರತಂಡ ಕೂತು ಚರ್ಚಿಸಿತ್ತು. ಕೆಲವು ದಿನ ಕಾಯೋಣ ಎಂದು ಸುಮ್ಮನಾದದ್ದರಿಂದ ಜೈ ಸತ್ತೇ ಉಳಿದ, ಭಯ ಸುಳ್ಳಾಯಿತು.

ಇನ್ನು ವಿಮರ್ಶಕರೆಂಬವರು ಇದ್ದಾರೆ ಎಂಬ ಅರಿವೇ ಇಲ್ಲದೆ ಕ್ಯಾಮೆರಾ ಮುಂದೆ ನಿಂತವರ ಕಥೆ. ಅದು ನಡೆದದ್ದೂ ನಮ್ಮ ಜಿಲ್ಲೆಯಲ್ಲೇ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಈರೇಗೌಡರು ತಮ್ಮ ಊರಿನ ಬದುಕನ್ನು ಕಥೆ ಮಾಡಿದರು, ಗೆಳೆಯ ರಾಮ್ ರೆಡ್ಡಿ ನಿರ್ದೇಶಿಸಿದರು. ಅದು ‘ತಿಥಿ’. ನಟರೆಲ್ಲ ಹಳ್ಳಿಯವರು; ಸೆಂಚುರಿಗೌಡ, ಗಡ್ಡಪ್ಪ, ತಮ್ಮಣ್ಣ ಎಂದು ನಾವು ಕರೆಯುವ ಮುಖಗಳಿಗೆ ಅಲ್ಲಿಯವರೆಗೆ ಸಿನಿಮಾ ಎಂದರೆ ಟೆಂಟು, ಟಾಕೀಸು, ಟಿವಿ. ನೂರು ದಾಟಿದ ಮುದುಕ ಸತ್ತು ಹನ್ನೊಂದನೇ ದಿನದ ತಿಥಿಯ ಹೊತ್ತಿಗೆ ಮೂರು ತಲೆಮಾರು ಏನೇನು ಮಾಡುತ್ತವೆ ಎಂಬುದೇ ಕಥೆ. ಮಾತು ಮಂಡ್ಯದ್ದು, ಬೈಗುಳವೂ ಮಂಡ್ಯದ್ದೇ. 2015ರ ಆಗಸ್ಟಿನಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಎರಡು ಚಿನ್ನದ ಚಿರತೆ ಪ್ರಶಸ್ತಿ ಬಂದವು. ಆಮೇಲೆ ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ. 2016ರ ಮೇ ತಿಂಗಳಲ್ಲಿ ನಮ್ಮೂರ ಟಾಕೀಸುಗಳಿಗೂ ಬಂತು.

ಗಡ್ಡಪ್ಪ ನಡೆಯುವುದನ್ನು ನೋಡಿ. ಯಾರು ಕರೆದರೂ ನಿಲ್ಲದೆ, ಬಾಟಲಿ ಹಿಡಿದು, ಹೊಲದ ಬದುವಿನ ಮೇಲೆ ಹೋಗುತ್ತಲೇ ಇರುವ ಆ ನಡಿಗೆ ಯಾರನ್ನೂ ಮೆಚ್ಚಿಸಲು ಹೊರಟದ್ದಲ್ಲ. ಅದಕ್ಕೇ ಜಗತ್ತು ಮೆಚ್ಚಿತು. ಚಿತ್ರ ಗೆದ್ದ ಮೇಲೆ ಅದೇ ಹಿರಿಯರನ್ನು ‘ತರ್ಲೆ ವಿಲೇಜ್’ನಂಥ ಚಿತ್ರಗಳಿಗೆ ಕರೆತಂದರು. ಮುಖ ಅದೇ, ಗಡ್ಡ ಅದೇ, ಊರ ಮಾತೂ ಅದೇ. ‘ತಿಥಿ’ಯಲ್ಲಿ ಕಂಡದ್ದು ಮಾತ್ರ ಮತ್ತೆ ನನಗೆ ಕಾಣಲಿಲ್ಲ. ತಪ್ಪು ಅವರದಲ್ಲ. ಅವರು ಕರೆದಲ್ಲಿಗೆ ಬಂದರು, ಹೇಳಿದ್ದನ್ನು ಮಾಡಿದರು. ನೋಡುವ ಕಣ್ಣು ಬದಲಾಗಿತ್ತು.

ಜನರ ತೀರ್ಪಿನ ವಿಷಯದಲ್ಲಿ ಅಂಬರೀಶ್ ಅವರಷ್ಟು ಪಳಗಿದ ನಟ ಕನ್ನಡದಲ್ಲಿ ಇನ್ನೊಬ್ಬರಿಲ್ಲ ಎನಿಸುತ್ತದೆ. 1998, 1999, 2004ರಲ್ಲಿ ಮಂಡ್ಯ ಅವರನ್ನು ಲೋಕಸಭೆಗೆ ಕಳಿಸಿತು. 2008ರಲ್ಲಿ ಶ್ರೀರಂಗಪಟ್ಟಣ ಸೋಲಿಸಿತು, 2009ರಲ್ಲಿ ಮಂಡ್ಯವೇ ಸೋಲಿಸಿತು, 2013ರಲ್ಲಿ ಮತ್ತೆ ವಿಧಾನಸಭೆಗೆ ಗೆಲ್ಲಿಸಿತು. ‘ಅಣ್ಣ’ ಎಂದು ಮೈಮೇಲೆ ಬೀಳುವ ಅದೇ ಜನ ಮತಗಟ್ಟೆಯೊಳಗೆ ಬೇರೆ ಮನಸ್ಸು ಮಾಡಿದ್ದರು. ಪ್ರಚಾರದ ದಿನ ಸೇರಿದ ಜಾತ್ರೆ ನೋಡಿ ಫಲಿತಾಂಶ ಹೇಳಲಾಗದು, ಮೊದಲ ದಿನದ ಪಟಾಕಿ ನೋಡಿ ಚಿತ್ರದ ಹಣೆಬರಹ ಹೇಳಲಾಗದು. ಎರಡನ್ನೂ ಅವರು ಮೈಮೇಲೆ ಅನುಭವಿಸಿದ್ದರು.

2018ರ ಸೆಪ್ಟೆಂಬರಿನಲ್ಲಿ ‘ಅಂಬಿ ನಿಂಗ್ ವಯಸ್ಸಾಯ್ತೋ’ ಬಂತು. ತಮಿಳಿನ ‘ಪವರ್ ಪಾಂಡಿ’ಯನ್ನು ಆಧರಿಸಿದ ಚಿತ್ರ. ಕುದುರೆಯ ವೇಗ ಕಳೆದುಕೊಂಡ ದೇಹ, ಒಡೆದ ದನಿ, ನಿಧಾನವಾದ ನೋಟ, ಯಾವುದನ್ನೂ ಅವರು ಮುಚ್ಚಿಡಲಿಲ್ಲ. ಹಳೆಯ ಹೊಡೆದಾಟದ ಚಿತ್ರಗಳಲ್ಲಿ ಅವರನ್ನು ಟೀಕಿಸಿದವರೂ ಅಲ್ಲಿ ಆ ಮುದುಕನನ್ನು ಒಪ್ಪಿಕೊಂಡರು. ಅದು ಅವರು ಬದುಕಿದ್ದಾಗಲೇ ಕಂಡ ಒಪ್ಪಿಗೆ.

ಇನ್ನೊಂದು ಚಿತ್ರ ಉಳಿದಿತ್ತು. ಅದು ನಾವು ಅಟ್ಟದ ಮೇಲೆ ನೋಡಿ ಬೆಳೆದ ಕಥೆ, ‘ಕುರುಕ್ಷೇತ್ರ’. ನಮ್ಮ ಹಳ್ಳಿಗಳಲ್ಲಿ ಭೀಷ್ಮನ ಪಾತ್ರವನ್ನು ಊರಿನ ಹಿರಿಯರಿಗೇ ಕೊಡುವುದು. ಚಿತ್ರದಲ್ಲಿ ಅದು ಅಂಬರೀಶ್ ಅವರ ಪಾಲಿಗೆ ಬಂದಿತ್ತು. ಅವರು ತೀರಿಕೊಂಡದ್ದು 2018ರ ನವೆಂಬರ್ 24ರಂದು. ಪಾರ್ಥಿವ ಶರೀರವನ್ನು ಹೆಲಿಕಾಪ್ಟರಿನಲ್ಲಿ ಮಂಡ್ಯದ ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ತಂದರು, ರಾತ್ರಿಯೆಲ್ಲ ಜನ ಸಾಲಿನಲ್ಲಿ ನಿಂತರು. ‘ಕುರುಕ್ಷೇತ್ರ’ ಬಿಡುಗಡೆಯಾದದ್ದು 2019ರ ಆಗಸ್ಟ್ 9ರಂದು. ಕಂಠೀರವ ಸ್ಟುಡಿಯೊದಲ್ಲಿ ಅವರ ಚಿತೆ ಉರಿದು ಅಷ್ಟು ಹೊತ್ತಿಗೆ ಎಂಟು ತಿಂಗಳು ಕಳೆದಿತ್ತು.