ಬಾಡುವ ಸಸಿಗೊಂದು ಬಿಂದಿಗೆ ನೀರು

ಜೂನ್ 5ಕ್ಕೆ ಸಸಿ ನೆಡಲು ಹತ್ತಾರು ಕೈ. ಬೇಸಿಗೆಯಲ್ಲಿ ನೀರುಣಿಸಲು ಯಾರೂ ಇಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತು. ನಮ್ಮ ಬಡಾವಣೆಯ ಪಾರ್ಕಿನ ಸಸಿಗಳು ಬಾಡತೊಡಗಿದವು.

ಪದವಿ ಮುಗಿಸಿ ಕೆಲಸ ಹುಡುಕುತ್ತಿದ್ದ ನಾನು ಗೆಳೆಯರೊಂದಿಗೆ ಮನೆಮನೆಯಿಂದ ಅಕ್ಕಿ, ತರಕಾರಿ ತೊಳೆದ ನೀರು ಸಂಗ್ರಹಿಸಿ, ಬಿಸಿಲೇರುವ ಮುನ್ನ ಬುಡಕ್ಕೆ ಹಾಕತೊಡಗಿದೆ. ಉದುರಿದ ಹೊಂಗೆ ಎಲೆಗಳನ್ನು ಸುಡದೆ ಪಾತಿಗೆ ಹೊದಿಸಿದೆವು. ತೇವ ಬೇಗ ಆರಲಿಲ್ಲ.

‘ಇದಕ್ಕೆ ಸಂಬಳ ಎಷ್ಟಪ್ಪಾ?’ ಎಂದು ವಾಕಿಂಗ್ ಬರುವ ಅಜ್ಜ ನಕ್ಕರು. ಎರಡೇ ವಾರದಲ್ಲಿ ಅವರೇ ಬಿಂದಿಗೆ ಹಿಡಿದು ಬಂದರು.

ಸಂದರ್ಶನದ ಕರೆಗೆ ಕಾಯುತ್ತಾ ಮನೆಯಲ್ಲೇ ಕುಗ್ಗುತ್ತಿದ್ದ ನನಗೆ ದಿನವೂ ಮುಗಿಸಬಲ್ಲ ಒಂದು ಕೆಲಸ ಸಿಕ್ಕಿತು. ನಿಮ್ಮ ಬೀದಿಯ ಪಾರ್ಕಿಗೂ ಈ ಬೇಸಿಗೆಯಲ್ಲಿ ಒಂದು ಬಕೆಟ್ ನೀರು ಕೊಂಡೊಯ್ಯಿರಿ.